ಪರೇಲಿನ ಒಂದು ದಿನವನ್ನು ಆಡಿ ತೋರಿಸುವವರಾರು?

ನವೆಂಬರ್ ಬಂದಿತೆಂದರೆ ಮುಂಬಯಿಯ ನಮ್ಮ ಸಂಘಗಳ ವೇದಿಕೆಗೆ ಕೃಷ್ಣದೇವರಾಯ ಬರುತ್ತಾನೆ, ಒನಕೆ ಹಿಡಿದ ಓಬವ್ವ ಬರುತ್ತಾಳೆ. ಮಕ್ಕಳ ಮೀಸೆ ಜಾರುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಇದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮನ್ನು ಈ ಊರಿಗೆ ಕರೆತಂದವರು ರಾಯನೂ ಅಲ್ಲ, ಓಬವ್ವನೂ ಅಲ್ಲ.

ಯುರೋಪಿನ ಹವ್ಯಾಸಿ ಗುಂಪುಗಳು ಮಧ್ಯಯುಗದ ಹಾನ್ಸಾ ವರ್ತಕ ಪಟ್ಟಣಗಳ ಸಾಮಾನ್ಯರ ದಿನಚರಿಯನ್ನು ಮರಳಿ ಬದುಕಿ ನೋಡುತ್ತವೆ: ಕೈಹೊಲಿಗೆಯ ಅಂಗಿ, ಮಣ್ಣಿನ ಗಡಿಗೆ, ಒಣಮೀನು. ನಾರ್ವೆಯ ಬೆರ್ಗೆನ್ ರೇವಿನ ಹಾನ್ಸಾ ಕೋಠಿಯ ಜರ್ಮನ್ ಗುಮಾಸ್ತರೂ ಹುಡುಗರೂ ಅವಿವಾಹಿತರಾಗಿಯೇ ಇರಬೇಕಿತ್ತು. ಮರದ ಕಟ್ಟಡಗಳಿಗೆ ಬೆಂಕಿಯ ಭಯ. ಆದ್ದರಿಂದ ಅಡುಗೆಗೂ ಚಳಿ ಕಾಯಿಸುವುದಕ್ಕೂ ಪ್ರತ್ಯೇಕ ಸಭಾಗೃಹಗಳು. ಓದಿದೊಡನೆ ನಮಗೆ ನೆನಪಾದದ್ದು ಪರೇಲ್.

ಗಿರಣಗಾಂವದ ಚಾಳುಗಳಲ್ಲಿ, ಸಂಸಾರವನ್ನು ಊರಲ್ಲಿ ಬಿಟ್ಟುಬಂದ ಗಂಡಸರು ಒಂದೇ ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದವನಿಗೆ, ಭೋಂಗಾ ಕೇಳಿ ಎದ್ದುಹೋದವನ ಜಾಗ. ಊಟ ಖಾನಾವಳಿಯಲ್ಲಿ, ಲೆಕ್ಕ ಪಗಾರದ ದಿನ. ಆ ಖಾನಾವಳಿಯ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳದಲ್ಲಿ ಒಗ್ಗೂಡಿಸಿದರು. ಮಗ್ಗದ ಮುಂದೆ ನಿಂತವರಲ್ಲಿ ಕೊಂಕಣ, ಸಾತಾರಾ ಕಡೆಯವರೇ ಹೆಚ್ಚು. ಅವರಿಗೆ ಚಹಾ ಕೊಟ್ಟು ಮೇಜು ಒರೆಸಿದವರಲ್ಲಿ ನಮ್ಮ ಕರಾವಳಿಯ ಹುಡುಗರಿದ್ದರು. ಸಂಜೆ ಕನ್ನಡ ರಾತ್ರಿಶಾಲೆ, ಬಳಿಕ ಹೋಟೆಲಿನ ಬೆಂಚುಗಳನ್ನೇ ಜೋಡಿಸಿಕೊಂಡು ನಿದ್ದೆ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದ ಮುಷ್ಕರ ಆರಂಭವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಿದ್ದ ಮೇಲೆ ಆ ದಿನಚರಿ ಒಡೆಯಿತು. ಫೀನಿಕ್ಸ್ ಮಿಲ್ಲಿದ್ದಲ್ಲಿ ಇಂದು ಮಾಲು. ಚಿಮಣಿಯೊಂದು ಉಳಿದಿದೆ, ಅಲಂಕಾರಕ್ಕೆ.

ಈ ದಿನವನ್ನು ವೇದಿಕೆಗೆ ತರಬೇಕೆಂಬುದು ನಮ್ಮ ಮತ. ಹಾನ್ಸಾ ಆಡುವವರಿಗೆ ಉತ್ಖನನದ ಮಡಕೆಚೂರು, ಹಳೆಯ ದಸ್ತಾವೇಜುಗಳೇ ಗತಿ. ಆ ಒಕ್ಕೂಟದ ಕೊನೆಯ ಸಭೆ ನಡೆದದ್ದೇ 1669ರಲ್ಲಿ. ನಮ್ಮ ಸಾಕ್ಷಿಗಳಾದರೋ ಸಂಘದ ಮುಂದಿನ ಸಾಲಿನಲ್ಲೇ ಕುಳಿತಿದ್ದಾರೆ. ಕೇಳಹೋದರೆ ಮಾತ್ರ, “ಅದೆಲ್ಲ ಈಗ ಯಾಕೆ ಮಾರಾಯ್ರೆ?” ಎಂದು ಮಾತು ತಿರುಗಿಸುತ್ತಾರೆ. ಹಸಿವನ್ನು ವೇಷವಾಗಿ ತೊಟ್ಟರೆ ಅದು ಗೇಲಿಯಾದೀತೆಂಬ ಅವರ ಅಳುಕು ಸುಳ್ಳಲ್ಲ. ಆದುದರಿಂದ ನಿರ್ದೇಶನ ಅವರದೇ ಆಗಲಿ. ಬೆಂಚನ್ನು ಹೇಗೆ ಜೋಡಿಸಬೇಕು, ಒದ್ದೆ ನೆಲದ ಮೇಲೆ ಏನು ಹಾಸಬೇಕು, ಊರಿಗೆ ಮನಿಯಾರ್ಡರ್ ಬರೆಯುವಾಗ ಯಾವ ಸಂಗತಿಯನ್ನು ಮುಚ್ಚಿಡಬೇಕು, ಇವನ್ನು ಮೊಮ್ಮಕ್ಕಳಿಗೆ ಅವರೇ ಕಲಿಸಲಿ.

ಇನ್ನೊಂದು ಮಾತು. ಈಗ ಕೆಲವು ಹೋಟೆಲುಗಳಿಗೆ ನಾವೇ ಮಾಲೀಕರು. ಬೆಂಚಿನ ಮೇಲೆ ಬೇರೆ ರಾಜ್ಯದ ಹುಡುಗರು ಮಲಗುತ್ತಾರೆ. ಮೊದಲ ಪ್ರದರ್ಶನಕ್ಕೆ ಅವರನ್ನೇ ಕರೆಯೋಣ. ವೇಳೆ ಮಾತ್ರ ರಾತ್ರಿ ಹನ್ನೊಂದೂವರೆ ಇರಲಿ, ಅವರಿಗೆ ಬಿಡುವಾಗುವುದೇ ಆಗ.