ನವೀಕರಣವೂ ಅಕಾರಾದಿಯೂ

ಹೊಸದನ್ನು ಬರಮಾಡಿಕೊಳ್ಳುವುದೇ ಪ್ರಗತಿಯೆಂದು ನಾವೆಲ್ಲರೂ ನಂಬಿರುವೆವು. ಗಣಕಯಂತ್ರಗಳ ಪ್ರಪಂಚದಲ್ಲಂತೂ ತಂತ್ರಾಂಶದ ಹೊಸ ಆವೃತ್ತಿಯನ್ನು ಸ್ಥಾಪಿಸುವುದು ನಿತ್ಯಕರ್ಮವೇ ಆಗಿದೆ. ನಾವು ನವೀಕರಣದ ವಿರೋಧಿಗಳಲ್ಲ. ಆದರೆ ಯಾವುದು ಯಾವುದನ್ನು ಆಶ್ರಯಿಸಿ ನಿಂತಿದೆ ಎಂಬುದನ್ನು ಅರಿಯದೆ ಮಾಡುವ ನವೀಕರಣವು ಅನರ್ಥಕ್ಕೆ ದಾರಿಯೆಂದು ನಮ್ಮ ಅಭಿಪ್ರಾಯ.

ಮೊದಲು ನಿಘಂಟಿನ ಮಾತು. ‘ಅಂಗಡಿ’ ಎಂಬ ಪದವನ್ನು ಎಲ್ಲಿ ಹುಡುಕಬೇಕು? ಅನುಸ್ವಾರವನ್ನು ವ್ಯಂಜನಗಳಿಗಿಂತ ಮೊದಲು ಎಣಿಸಿದರೆ ಅದು ‘ಅಕ್ಕಿ’ಗಿಂತ ಮುಂಚೆ ಬರುತ್ತದೆ, ಙಕಾರವೆಂದು ಎಣಿಸಿದರೆ ‘ಅಗಸ’ವನ್ನೂ ದಾಟಿ ಆಚೆಗೆ ಹೋಗುತ್ತದೆ. ಒಂದು ಕ್ರಮದಲ್ಲಿ ಅಚ್ಚಾದ ನಿಘಂಟನ್ನು ಇನ್ನೊಂದು ಕ್ರಮವನ್ನಷ್ಟೇ ಬಲ್ಲವನ ಕೈಗೆ ಕೊಟ್ಟರೆ, ಅವನು ‘ಈ ಪದ ಇದರಲ್ಲಿಲ್ಲ’ ಎಂದು ಪುಸ್ತಕ ಮುಚ್ಚುವನು. ಪದವಾದರೋ ಅಲ್ಲಿಯೇ ಇರುತ್ತದೆ!

ದತ್ತಾಂಶಗಳನ್ನು ಕಾಪಾಡುವ ಸರ್ವರ್‌ಗಳಲ್ಲಿಯೂ ಇಂತಹ ಅಕಾರಾದಿ ಸೂಚಿಗಳುಂಟು. ಲಕ್ಷಾಂತರ ಹೆಸರುಗಳ ನಡುವೆ ಒಂದನ್ನು ಕ್ಷಣಾರ್ಧದಲ್ಲಿ ಹುಡುಕಿಕೊಡುವುದು ಈ ಸೂಚಿಯೇ. 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಆರಂಭವಾದ ಯೋಜನೆಯಿಂದ ಬೆಳೆದುಬಂದ ಪೋಸ್ಟ್‌ಗ್ರೆಸ್ ಎಂಬ ಪ್ರಸಿದ್ಧ ತಂತ್ರಾಂಶವನ್ನು ನೋಡಿರಿ. ಲಿನಕ್ಸ್ ಯಂತ್ರಗಳಲ್ಲಿ, ಯಾವ ಪದ ಮೊದಲು, ಯಾವುದು ಅನಂತರ ಎಂಬುದನ್ನು ಅದು ಸಾಮಾನ್ಯವಾಗಿ ತಾನೇ ನಿರ್ಣಯಿಸುವುದಿಲ್ಲ; ಜಿಲಿಬ್‌ಸಿ ಎಂಬ ಮೂಲ ಲೈಬ್ರರಿಯನ್ನು ಕೇಳುತ್ತದೆ.

2018ರ ಆಗಸ್ಟ್‌ನಲ್ಲಿ ಈ ಲೈಬ್ರರಿಯ 2.28ನೆಯ ಆವೃತ್ತಿ ಹೊರಬಂದಿತು. ಅದರಲ್ಲಿ ಅಕ್ಷರಕ್ರಮದ ಕೋಷ್ಟಕವನ್ನು ಅಂತರರಾಷ್ಟ್ರೀಯ ಮಾನಕಕ್ಕೆ ಅನುಗುಣವಾಗಿ ಪರಿಷ್ಕರಿಸಲಾಗಿತ್ತು. ಅಮೆರಿಕದ ಇಂಗ್ಲಿಷ್ ಕ್ರಮದಲ್ಲಿ ಹಿಂದೆ ‘11’ ಮೊದಲು, ‘1-1’ ಅನಂತರ ಬರುತ್ತಿದ್ದವು. ಈಗ ಅವು ಸ್ಥಾನ ಬದಲಿಸಿದವು. 2019ರಲ್ಲಿ ಬಂದ ಡೆಬಿಯನ್ 10 ಮತ್ತು ರೆಡ್ ಹ್ಯಾಟ್ 8 ವ್ಯವಸ್ಥೆಗಳು ಈ ಲೈಬ್ರರಿಯನ್ನೇ ಹೊತ್ತು ತಂದವು. ಪೋಸ್ಟ್‌ಗ್ರೆಸ್‌ನ ಒಂದಕ್ಷರವೂ ಬದಲಾಗದಿದ್ದರೂ, ಡಿಸ್ಕಿನ ಮೇಲಿನ ಹಳೆಯ ಸೂಚಿ ಒಂದು ಕ್ರಮದಲ್ಲಿ, ಹುಡುಕುವವನ ಬುದ್ಧಿ ಇನ್ನೊಂದು ಕ್ರಮದಲ್ಲಿ ಆಯಿತು!

ಪರಿಣಾಮವೇನು? ಇರುವ ದಾಖಲೆಯನ್ನು ಯಂತ್ರವು ಇಲ್ಲವೆನ್ನಬಹುದು. ಒಂದೇ ಇರತಕ್ಕ ನೋಂದಣಿ ಸಂಖ್ಯೆಗೆ ಎರಡನೆಯ ದಾಖಲೆಯನ್ನೂ ಒಪ್ಪಿಕೊಳ್ಳಬಹುದು. ಆ ದಾಖಲೆ ಒಬ್ಬ ರೋಗಿಯದೋ ವಿದ್ಯಾರ್ಥಿಯದೋ ಆಗಿದ್ದರೆ ಗತಿಯೇನು? ಯಂತ್ರ ಕೆಟ್ಟು ನಿಂತರೆ ಸರಿಪಡಿಸಬಹುದು. ನಗುಮುಖದಿಂದ ತಪ್ಪುತ್ತರ ಕೊಡುವ ಯಂತ್ರವೇ ನಿಜವಾಗಿ ಭಯಂಕರವಾದುದು.

ಹಾಗಾದರೆ ನವೀಕರಣವೇ ಬೇಡವೆನ್ನೋಣವೆ? ಅದೂ ಅವಿವೇಕ. ಪೋಸ್ಟ್‌ಗ್ರೆಸ್‌ನ ಪ್ರತಿಯೊಂದು ಪ್ರಧಾನ ಆವೃತ್ತಿಗೂ ಸುಮಾರು 5 ವರ್ಷಗಳ ಪೋಷಣೆ ಮಾತ್ರ ದೊರೆಯುತ್ತದೆ; ಅನಂತರ ಕಂಡುಬರುವ ದೋಷಗಳಿಗೆ ಅದರಲ್ಲಿ ಪರಿಹಾರವಿಲ್ಲ. ಮಾಡತಕ್ಕದ್ದು ಇಷ್ಟೆ: ಸರ್ವರ್‌ನ ಜೊತೆಗೆ ಅದು ನೆಚ್ಚಿರುವ ಲೈಬ್ರರಿಗಳ ಆವೃತ್ತಿಗಳನ್ನೂ ಬರೆದಿಡಬೇಕು, ದತ್ತಾಂಶದ ಪ್ರತಿಯೊಂದರ ಮೇಲೆ ಮೊದಲು ಪ್ರಯೋಗ ನಡೆಸಬೇಕು, ಅಕ್ಷರಕ್ರಮ ಬದಲಾಗಿದ್ದರೆ ಪಠ್ಯಸೂಚಿಗಳನ್ನು ಹೊಸದಾಗಿ ಕಟ್ಟಬೇಕು.

2022ರಲ್ಲಿ ಬಂದ ಪೋಸ್ಟ್‌ಗ್ರೆಸ್ 15, ಅಕ್ಷರಕ್ರಮದ ಆವೃತ್ತಿಯನ್ನು ದತ್ತಾಂಶ ಸಂಗ್ರಹದ ಜೊತೆಗೇ ಗುರುತಿಟ್ಟು, ವ್ಯತ್ಯಾಸ ಕಂಡಾಗ ಎಚ್ಚರಿಸುತ್ತದೆ. ಆದರೆ ಆ ಗುರುತನ್ನು ತಿದ್ದಿ ಎಚ್ಚರಿಕೆಯ ಬಾಯಿ ಮುಚ್ಚಿಸುವ ಆಜ್ಞೆಯೂ ಉಂಟು. ಸೂಚಿಯನ್ನು ಕಟ್ಟದೆ ಗುರುತನ್ನು ಮಾತ್ರ ತಿದ್ದುವುದು, ಜ್ವರವಿರುವಾಗ ಉಷ್ಣಮಾಪಕವನ್ನು ಒಡೆದಂತೆ.

ನಾಳೆ ಇಂತಹ ಯಂತ್ರಗಳನ್ನು ನೋಡಿಕೊಳ್ಳುವವರು ಇಂದಿನ ವಿದ್ಯಾರ್ಥಿಗಳೇ. ಹೊಸ ಆವೃತ್ತಿಯನ್ನು ಸ್ಥಾಪಿಸಲು ಒಂದು ಆಜ್ಞೆ ಸಾಕು. ಅದರ ಕೆಳಗೆ ಏನೇನು ಅಲುಗಿತೆಂದು ಕೇಳಿಕೊಳ್ಳಲು ವಿವೇಕ ಬೇಕು. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವು ಈಗಿನಿಂದಲೇ ಬೆಳೆಯಲೆಂದು ನಾವು ಹಾರೈಸುತ್ತೇವೆ.