ಎರೆಹೊಲಕ್ಕೆ ಜಿಯೋಲೈಟ್ ಯಾಕೆ?

‘ಜಿಯೋಲೈಟ್ ಎರಚಿ, ನೀರು-ಗೊಬ್ಬರ ಎರಡನ್ನೂ ಹಿಡಿದಿಡುತ್ತೆ’ ಎಂದು ಮಾರುವವರು ನಮ್ಮ ಕಡೆಯೂ ಬರುತ್ತಾರೆ. ಹೇಳುವುದು ಸುಳ್ಳಲ್ಲ. ಆದರೆ ಸಿರುಗುಪ್ಪ, ಕುರುಗೋಡು ಕಡೆಯ ಎರೆಹೊಲಕ್ಕೆ ಅದು ಬೇಕೇ? ಬೇಡ ಎಂಬುದು ನನ್ನ ಅಭಿಪ್ರಾಯ.

ಜಿಯೋಲೈಟ್ ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳಿರುವ ಖನಿಜ. ಗೂಡಿನ ಗೋಡೆಯಲ್ಲಿ ಋಣ ವಿದ್ಯುದಂಶ ಇರುತ್ತೆ. ಹಾಗಾಗಿ ಧನ ವಿದ್ಯುದಂಶದ ಅಮೋನಿಯಂ, ಪೊಟ್ಯಾಶಿಯಂ ಮನೆಗೆ ಬಂದ ಬೀಗರ ಹಾಗೆ ಒಳಗೆ ಕೂರುತ್ತವೆ. ನೀರೂ ಸೇರುತ್ತೆ. ಕಾಯಿಸಿದರೆ ನೀರು ಹೊರಟುಹೋಗುತ್ತೆ, ಗೂಡು ಹಾಗೇ ಉಳಿಯುತ್ತೆ. ನೈಟ್ರೇಟಿಗೆ ಮಾತ್ರ ಅಲ್ಲಿ ಜಾಗವಿಲ್ಲ, ಅದೂ ಋಣವೇ.

ನಮ್ಮ ಎರೆಮಣ್ಣಿನ ಜೇಡಿಯೂ ಇದೇ ಕೆಲಸ ಮಾಡುತ್ತೆ. ಮಾಂಟ್‌ಮೊರಿಲೊನೈಟ್ ಅಂತ ಅದರ ಹೆಸರು. ಗೂಡಿನ ಬದಲು ಇಲ್ಲಿ ಒಂದರ ಮೇಲೊಂದು ಪದರ. ನೀರು ಹೊಕ್ಕರೆ ಪದರ ಅಗಲಿ ಮಣ್ಣು ಉಬ್ಬುತ್ತೆ, ಆರಿದರೆ ಬಿರಿಯುತ್ತೆ.

ಲೆಕ್ಕ ಹಾಕಿ ನೋಡಿ. ಎಕರೆಯೊಂದರ ಉಳುಮೆ ಆಳದ ಮಣ್ಣು ಸುಮಾರು 9 ಲಕ್ಷ ಕಿಲೋ. ಒಳ್ಳೆ ಜಿಯೋಲೈಟ್ ತೂಕಕ್ಕೆ ತೂಕ ಎರೆಮಣ್ಣಿನ ಮೂರು-ನಾಲ್ಕು ಪಟ್ಟು ಹಿಡಿದೀತು. ಅಂದರೆ 100 ಕಿಲೋ ಹಾಕಿದರೆ 400 ಕಿಲೋ ಎರೆಮಣ್ಣು ಚೆಲ್ಲಿದಂತೆ. 9 ಲಕ್ಷಕ್ಕೆ 400 ಕಿಲೋ ಯಾವ ಲೆಕ್ಕ? ಮರಳು ನೆಲಕ್ಕೆ, ನರ್ಸರಿ ಚೀಲಕ್ಕಾದರೆ ಒಪ್ಪೋಣ.

ನಮ್ಮ ತೊಂದರೆಯೇ ಬೇರೆ. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ನೀರು ಬಂತು, ಭತ್ತ ಬಂತು, ಬಸಿಗಾಲುವೆ ಮರೆತ ಕಡೆ ಸವಳೂ ಬಂತು. ಜೇಡಿಯ ಪದರದೊಳಗೆ ಸೋಡಿಯಂ ಸೇರಿದರೆ ಮಣ್ಣು ಕದಡಿ, ಸಂದು ಮುಚ್ಚಿ, ನೀರು ಇಂಗುವುದೇ ನಿಲ್ಲುತ್ತೆ. ಈ ಬೀಗರನ್ನು ಎಬ್ಬಿಸಲು ಜಿಪ್ಸಂ ಬೇಕು. ಅದರ ಕ್ಯಾಲ್ಸಿಯಂ ಸೋಡಿಯಂನ ಜಾಗದಲ್ಲಿ ಕೂರುತ್ತೆ, ಮಣ್ಣು ಹೆಂಟೆಯಾಗಿ ನಿಲ್ಲುತ್ತೆ. ಹೊರಬಿದ್ದ ಸೋಡಿಯಂ ನೀರಿನ ಜೊತೆ ಬಸಿದು ಹೊಲ ದಾಟಬೇಕು. ದಾರಿ ಇಲ್ಲದಿದ್ದರೆ ಅಲ್ಲೇ ಠಿಕಾಣಿ.

ಆದ್ದರಿಂದ ಚೀಲ ಕೊಳ್ಳುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಸೋಡಿಯಂ ಹೆಚ್ಚಿದ್ದರೆ ಅವರು ಹೇಳಿದಷ್ಟು ಜಿಪ್ಸಂ ಹಾಕಿ. ಬರೀ ಉಪ್ಪಾದರೆ ಸಿಹಿನೀರು ಹಾಯಿಸಿ ಬಸಿಯಿರಿ. ಎರಡಕ್ಕೂ ಬಸಿಗಾಲುವೆ ಬೇಕೇ ಬೇಕು. ಅದು ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ, ಕೆಳಗಿನ ಹೊಲದವರೂ ದಾರಿ ಬಿಡಬೇಕು. ಜಿಯೋಲೈಟಿನ ದುಡ್ಡನ್ನು ನಾಲ್ಕು ಜನ ಕೂಡಿ ಅದಕ್ಕೆ ಹಾಕಿದರೆ ಎಲ್ಲರ ಹೊಲವೂ ಉಳಿದೀತು.

– ಕೃಷಿಕ, ಸತ್ಯನಾರಾಯಣಪೇಟೆ, ಬಳ್ಳಾರಿ