ಕನ್ನಡಿಗೆ ಕಾಣದ ಬಾರ್ಬೆಲ್ ಲೆಕ್ಕ

ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದ ಭಾರ ಎತ್ತುವ ಸ್ಪರ್ಧೆಯಲ್ಲಿ ಸ್ನ್ಯಾಚ್ ಮತ್ತು ಕ್ಲೀನ್ ಅಂಡ್ ಜರ್ಕ್ ಸೇರಿ 249 ಕೆ.ಜಿ. ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕೆ.ಜಿ. ಎತ್ತಿ ಕಂಚು ತಂದರು. ಆ ಹೊತ್ತಿಗೆ ಅವರು 56 ಕೆ.ಜಿ. ವಿಭಾಗ ಬಿಟ್ಟು 61 ಕೆ.ಜಿ. ವಿಭಾಗಕ್ಕೆ ಬಂದಿದ್ದರು. ಭಾರ ಎತ್ತುವುದನ್ನೇ ಬದುಕು ಮಾಡಿಕೊಂಡ ಕ್ರೀಡಾಪಟುವಿನ ಮೊತ್ತ ಈ ಎರಡು ಕೂಟಗಳ ನಡುವೆ ಏರಿದ್ದು 20 ಕೆ.ಜಿ. ಇದುವರೆಗೆ ಬಾರ್ಬೆಲ್ ಮುಟ್ಟದ, ಆರೋಗ್ಯವಂತನಾದ ಮೂವತ್ತರ ಯುವಕನೊಬ್ಬ ಸರಿಯಾಗಿ ಕಲಿತು ಆರಂಭಿಸಿದರೆ, ಅಷ್ಟು ಭಾರವನ್ನು ತನ್ನ ಸ್ಕ್ವಾಟ್‌ಗೆ, ಅಂದರೆ ಬಾರ್ ಹೆಗಲ ಮೇಲಿಟ್ಟು ಹೊಡೆಯುವ ಬಸ್ಕಿಗೆ, ಸೇರಿಸಲು ಸುಮಾರು ಮೂರು ವಾರ ಸಾಕು.

ಶಿಖರದ ಹತ್ತಿರ ಇರುವವರಿಗೆ ಒಂದೊಂದು ಕಿಲೋ ಕೂಡ ತಪಸ್ಸು. ಹೊಸಬರಿಗೆ ದೇಹ ಕೈಬಿಚ್ಚಿ ಕೊಡುತ್ತದೆ. ಆ ಧಾರಾಳ ಇರುವುದು ಕೆಲವೇ ತಿಂಗಳು. ನಮ್ಮ ಜಿಮ್‌ಗಳಿಗೆ ಸೇರುವ ಬಹಳಷ್ಟು ಜನ ಆ ತಿಂಗಳುಗಳನ್ನೇ ವ್ಯರ್ಥ ಮಾಡಿಕೊಳ್ಳುತ್ತಿದ್ದಾರೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ವಿಚಿಟಾ ಫಾಲ್ಸ್ ಎಂಬ ಊರಿನಲ್ಲಿ ಜಿಮ್ ನಡೆಸುತ್ತಿದ್ದ ಮಾರ್ಕ್ ರಿಪ್ಪಟೋ 2005ರಲ್ಲಿ 'ಸ್ಟಾರ್ಟಿಂಗ್ ಸ್ಟ್ರೆಂತ್' ಎಂಬ ಪುಸ್ತಕ ತಂದರು. ಹೊಸಬರಿಗೆ ಅದರಲ್ಲಿ ಹೇಳಿದ್ದು ಅತಿ ಸರಳ: ವಾರಕ್ಕೆ ಮೂರು ದಿನ, ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೊತ್ತುವ ಬೆಂಚ್ ಪ್ರೆಸ್, ತಲೆಯ ಮೇಲಕ್ಕೆತ್ತುವ ಪ್ರೆಸ್, ನೆಲದಿಂದ ಬಾರ್ ಎತ್ತಿ ನಿಲ್ಲುವ ಡೆಡ್‌ಲಿಫ್ಟ್, ಅದನ್ನು ಒಂದೇ ಸೆಳೆತಕ್ಕೆ ಹೆಗಲಿಗೇರಿಸುವ ಪವರ್ ಕ್ಲೀನ್. ಹೆಚ್ಚಿನವು ಐದೈದು ಸಲ, ಮೂರು ಸೆಟ್. ಪ್ರತಿ ಸಲ ಬಂದಾಗಲೂ ಬಾರ್‌ಗೆ ತುಸು ಹೆಚ್ಚು ಭಾರ. ಖಾಲಿ ಬಾರ್‌ನ ತೂಕ 20 ಕೆ.ಜಿ. ಅಲ್ಲಿಂದ ಹೊರಟು ಪ್ರತಿ ಸಲ ಎರಡೂವರೆ ಕೆ.ಜಿ. ಸೇರಿಸುತ್ತಾ, ಒಂದು ದಿನವೂ ತಪ್ಪದೆ ಎಂಟು ವಾರ ನಡೆದರೆ ಇಪ್ಪತ್ನಾಲ್ಕನೆಯ ದಿನ ಹೆಗಲ ಮೇಲೆ 77.5 ಕೆ.ಜಿ. ಇರುತ್ತದೆ. ಎಲ್ಲರಿಗೂ ಇದೇ ವೇಗ ಸಿಗದು. ಹೆಂಗಸರು ಮತ್ತು ವಯಸ್ಸಾದವರು ಒಂದು ಕೆ.ಜಿ., ಅರ್ಧ ಕೆ.ಜಿ.ಯಂತೆ ಏರುವುದೇ ಸರಿ. ಆದರೆ ಏರುವ ಕ್ರಮ ಎಲ್ಲರಿಗೂ ಒಂದೇ.

ಈ ಕ್ರಮಕ್ಕೆ ರಿಪ್ಪಟೋಗಿಂತ ಹಳೆಯ ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಹೊತ್ತಿನಲ್ಲಿ ಷಿಕಾಗೋದ ಸೇನಾ ಆಸ್ಪತ್ರೆಯ ವೈದ್ಯ ಥಾಮಸ್ ಡೆಲೋರ್ಮ್, ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಭಾರ ಕಟ್ಟಿ, ಹಂತಹಂತವಾಗಿ ಹೆಚ್ಚಿಸಿ ಬಲ ಮರಳಿಸಿದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು.

ಭಾರ ಎತ್ತುವುದು ನಮ್ಮ ನಾಡಿಗೆ ಹೊಸದಲ್ಲ. ಗರಡಿ ಮನೆಗಳಲ್ಲಿ ಬಸ್ಕಿ, ಗದೆ, ಕಲ್ಲುಗುಂಡುಗಳಿದ್ದವು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಲು ಇವತ್ತಿಗೂ ಜನ ಮುಗಿಬೀಳುತ್ತಾರೆ. ಆದರೆ ಒಂದು ಕಲ್ಲಿನಿಂದ ಅದಕ್ಕಿಂತ ದೊಡ್ಡ ಕಲ್ಲಿಗೆ ಹೋಗುವುದೆಂದರೆ ದೊಡ್ಡ ನೆಗೆತ. ಅಷ್ಟು ತ್ರಾಣ ಹುಟ್ಟಿನಿಂದಲೇ ಇದ್ದವರಿಗೆ ಮಾತ್ರ ಅದು ಒಲಿಯುತ್ತಿತ್ತು. ಬಾರ್ಬೆಲ್ ಮಾಡಿದ ದೊಡ್ಡ ಉಪಕಾರ ಇಲ್ಲಿದೆ: ಅದು ನೆಗೆತವನ್ನು ಸಣ್ಣ ಸಣ್ಣ ಮೆಟ್ಟಿಲುಗಳನ್ನಾಗಿ ಒಡೆಯಿತು. ಹಾಗಾಗಿ ಸಾಧಾರಣ ಮೈಕಟ್ಟಿನವರೂ ಹತ್ತಬಹುದು.

ಹಾಗಿದ್ದರೂ ಜನ ನಡುವೆಯೇ ಬಿಡುತ್ತಾರೆ. ಫಲವನ್ನು ಅವರು ಕನ್ನಡಿಯಲ್ಲಿ ಹುಡುಕುವುದೇ ಇದಕ್ಕೆ ಮುಖ್ಯ ಕಾರಣ. ಆರಂಭದ ವಾರಗಳಲ್ಲಿ ಹೆಚ್ಚುವ ಬಲದ ಬಹುಪಾಲು ನರಮಂಡಲದ್ದು, ಸ್ನಾಯು ದಪ್ಪವಾಗುವುದು ಆಮೇಲೆ ಎಂಬುದನ್ನು ಸಂಶೋಧಕರಾದ ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲೇ ತೋರಿಸಿದ್ದರು. ಇದ್ದ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ದುಡಿಸಲು ಮೆದುಳು ಕಲಿಯುತ್ತಿರುತ್ತದೆ. ಈ ಕಲಿಕೆ ಕನ್ನಡಿಗೆ ಕಾಣದು, ತೂಕದ ಯಂತ್ರಕ್ಕೂ ತಿಳಿಯದು. ತಿಂಗಳಾದರೂ ತೋಳು ಉಬ್ಬಲಿಲ್ಲ ಎಂದು ಬೇಸತ್ತವನು, ತನ್ನ ಸ್ಕ್ವಾಟ್ ಎರಡರಷ್ಟಾದದ್ದನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ಹತ್ತು ರೂಪಾಯಿಯ ನೋಟ್‌ಬುಕ್ ಒಂದಿದ್ದರೆ ಅವನು ಉಳಿಯುತ್ತಿದ್ದ.

ತರಬೇತುದಾರರ ಪಾಲೂ ಇದರಲ್ಲಿದೆ. ಇವತ್ತು ಚೆಸ್ಟ್, ನಾಳೆ ಬೈಸೆಪ್ಸ್, ನಾಡಿದ್ದು ಮೊಬೈಲ್‌ನಲ್ಲಿ ನೋಡಿದ ಹೊಸ ವ್ಯಾಯಾಮ. ಹೊಸಬರಿಗೆ ಇಂಥ ವೈವಿಧ್ಯ ಬೇಕಿಲ್ಲ. ಒಂದು ಎತ್ತುಗೆಯನ್ನು ವಾರಕ್ಕೆ ಎರಡು ಮೂರು ಸಲ ಮಾಡಿದರಷ್ಟೇ ಅದು ಮೈಗೆ ಹತ್ತುತ್ತದೆ.

ಇನ್ನೂ ದೊಡ್ಡ ನಷ್ಟ ಆಗಿರುವುದು ಹೆಂಗಸರಿಗೆ ಮತ್ತು ಹಿರಿಯರಿಗೆ. ಬಾಸ್ಟನ್‌ನ ಆರೈಕೆ ಕೇಂದ್ರವೊಂದರಲ್ಲಿ ಸರಾಸರಿ 90 ವರ್ಷದ ಹತ್ತು ಮಂದಿಗೆ ವೈದ್ಯೆ ಮರಿಯಾ ಫಿಯಟರೋನ್ ಅವರ ತಂಡ ಎಂಟು ವಾರ ಭಾರದ ತರಬೇತಿ ಕೊಟ್ಟಿತು. ಅಲ್ಲಿ ಬಳಸಿದ್ದು ಬಾರ್ಬೆಲ್ ಅಲ್ಲ, ಮೊಣಕಾಲು ಚಾಚುವ ವ್ಯಾಯಾಮ. ಪೂರ್ತಿಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ 174 ಪ್ರತಿಶತ ಏರಿತು. 1990ರಲ್ಲಿ ಪ್ರಕಟವಾದ ವರದಿ ಇದು. ಆಸ್ಟ್ರೇಲಿಯಾದಲ್ಲಿ ಲಿಫ್ಟ್‌ಮೋರ್ ಎಂಬ ಅಧ್ಯಯನ ಬಾರ್ಬೆಲ್ಲನ್ನೇ ಬಳಸಿತು. ಮುಟ್ಟು ನಿಂತ, ಮೂಳೆ ಸವೆದ ಹೆಂಗಸರು ವಾರಕ್ಕೆರಡು ಸಲ, ಅರ್ಧ ಗಂಟೆ, ಮೇಲ್ವಿಚಾರಣೆಯಲ್ಲಿ ಡೆಡ್‌ಲಿಫ್ಟ್, ಸ್ಕ್ವಾಟ್, ಪ್ರೆಸ್ ಮಾಡಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ ಸುಮಾರು ಮೂರು ಪ್ರತಿಶತ ಹೆಚ್ಚಿತು; ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದ ಗುಂಪಿನಲ್ಲಿ ಇಳಿಯಿತು. ಬಾರ್ ಮುಟ್ಟಿದರೆ ಗಂಡಸರಂತಾಗುತ್ತೇವೆ ಎಂಬ ಹೆದರಿಕೆಯನ್ನು ಹೆಂಗಸರ ತಲೆಯಲ್ಲಿ ತುಂಬಿದವರು ಈ ಅಂಕಿಗಳನ್ನು ನೋಡಬೇಕು.

ಊಟದ ಮಾತು ಬಿಟ್ಟರೆ ಲೆಕ್ಕ ಪೂರ್ತಿಯಾಗದು. ತೆಳ್ಳಗಿನ ಯುವಕರು ದಿನಕ್ಕೆ ಒಂದು ಗ್ಯಾಲನ್, ಅಂದರೆ ಮೂರೂಮುಕ್ಕಾಲು ಲೀಟರ್‌ನಷ್ಟು ಹಾಲು ಕುಡಿಯಬೇಕೆಂದು ರಿಪ್ಪಟೋ ಹೇಳಿದ್ದು ಪ್ರಸಿದ್ಧ. ಹೊಟ್ಟೆ ಬಂದ ನಲವತ್ತರ ಕನ್ನಡಿಗರಿಗೆ ಆ ಸಲಹೆ ಸಲ್ಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸಾಮಾನ್ಯ ವಯಸ್ಕರಿಗೆ ಹೇಳಿರುವುದು ದೇಹದ ತೂಕದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಪ್ರೊಟೀನ್. ಭಾರ ಎತ್ತುವವರಿಗೆ ಅದರ ದುಪ್ಪಟ್ಟಿನಷ್ಟು ಉಪಯೋಗಕ್ಕೆ ಬರುತ್ತದೆ. ಅನ್ನ ಸಾರಿನ ತಟ್ಟೆಗೆ ಕಾಳು, ಮೊಸರು, ಮೊಟ್ಟೆ, ಮೀನು ಸೇರಬೇಕು. ಡಬ್ಬಿಯ ಪುಡಿಯ ಯೋಚನೆ ಆಮೇಲೆ.

ಏರಿಕೆ ಒಂದು ದಿನ ನಿಲ್ಲುತ್ತದೆ. ಸಾಮಾನ್ಯವಾಗಿ ತಲೆಯ ಮೇಲಕ್ಕೆತ್ತುವ ಪ್ರೆಸ್ ಮೊದಲು ಹಟ ಹಿಡಿಯುತ್ತದೆ. ಅದು ಸೋಲಲ್ಲ, ಆರಂಭಿಕ ಹಂತ ಮುಗಿಯುತ್ತಿದೆ ಎಂಬ ಸೂಚನೆ. ಆಮೇಲೆ ವಾರಕ್ಕೊಮ್ಮೆ ಏರಿದರೂ ಒಳ್ಳೆಯದೇ. ಹತೋಟಿಗೆ ಬಾರದ ರಕ್ತದೊತ್ತಡ, ಹೃದಯದ ತೊಂದರೆ, ಹರ್ನಿಯಾ ಇರುವವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ಡೆಡ್‌ಲಿಫ್ಟನ್ನು ನೋಡಿ ಕಲಿಯುವುದಕ್ಕಿಂತ, ಬಲ್ಲವರ ಕಣ್ಣೆದುರು ಮಾಡಿ ಕಲಿಯುವುದು ಸುರಕ್ಷಿತ.

ಜಿಮ್ ನಡೆಸುವವರಲ್ಲಿ ಒಂದು ಕೋರಿಕೆ. ಮುಂದಿನ ಸಲ ಹೊಸ ಯಂತ್ರ ತರಿಸುವ ಮೊದಲು ಹತ್ತು ಕೆ.ಜಿ.ಯ ಹಗುರ ಬಾರ್ ಒಂದನ್ನು, ಅರ್ಧ ಕೆ.ಜಿ.ಯ ಪ್ಲೇಟ್‌ಗಳ ಒಂದು ಜೊತೆಯನ್ನು ತರಿಸಿ. ಐವತ್ತು ದಾಟಿದ ಹೆಂಗಸರನ್ನು ನೀವೇ ಕರೆದು ಅದನ್ನು ಅವರ ಕೈಗೆ ಕೊಡಿ.